ಗೋಡೆ ಕಡೆ, ಬಾಗಿಲ ಕಡೆ

ಗಾಡಿ ನಡುಗುತ್ತಿತ್ತು. ಓಡುವಾಗ ಅಲ್ಲ ಸ್ವಾಮಿ, ನಿಂತಲ್ಲೇ. ಕೀ ತಿರುಗಿಸಿದರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ಶುರು. ಪಕ್ಕದ ಕನ್ನಡಿಯಲ್ಲಿ ಶೆಡ್ಡಿನ ಗೋಡೆ ಕಲಸಿಹೋಗುತ್ತಿತ್ತು, ಗೇರಿನ ಕೋಲು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು, ಸೀಟಿನ ಮೇಲೆ ಬಿಟ್ಟ ಸ್ಪ್ಯಾನರ್ ಮೆಲ್ಲಗೆ ಸರಿದು ಸರಿದು ಕೊನೆಗೆ ದಡಾರ್ ಅಂತ ಕೆಳಗೆ. ವಯಸ್ಸಾದ ವ್ಯಾನು, ಡೀಸೆಲ್ ಇಂಜಿನ್ನು, ಸ್ವಲ್ಪ ಅದುರೋದು ಇದ್ದದ್ದೇ. ಅದಕ್ಕೆಲ್ಲ ತಲೆ ಕೆಡಿಸಿಕೊಂಡರೆ ಮೆಕ್ಯಾನಿಕ್ಕುಗಳು ಬದುಕಿದ ಹಾಗೇ! ಆದರೆ ಈ ಗಾಡಿಯಲ್ಲಿ ಒಬ್ಬ ಕಾಯಿಲೆ ಮನುಷ್ಯನನ್ನು ಮಲಗಿಸಿಕೊಂಡು ದೂರದ ಊರಿಗೆ ಹೋಗಬೇಕಿತ್ತು. ಆ ಮನುಷ್ಯ ದೊಡ್ಡ ಮೇಸ್ತ್ರಿ. ರಿಪೇರಿಗೆ ಕೂತವನು ಅವನ ತಮ್ಮ, ಚಿಕ್ಕ ಮೇಸ್ತ್ರಿ. ಹೋಗಬೇಕಾದ ಜಾಗ, ಕೈಲಾಗದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಆರೈಕೆ ಮನೆ. ಅಲ್ಲಿಂದ ವಾಪಸ್ ಕರೆದುಕೊಂಡು ಬರೋ ಮಾತನ್ನು ಯಾರೂ ಆಡಿರಲಿಲ್ಲ.

ಹೊರಡುವುದು ಮಾರನೇ ದಿನ. ಅಷ್ಟರೊಳಗೆ ನಡುಕ ನಿಲ್ಲಬೇಕು. "ಅಲುಗಾಡಿಸದೆ ಕರೆದುಕೊಂಡು ಬನ್ನಿ" ಅಂತ ಆರೈಕೆ ಮನೆಯ ನರ್ಸಮ್ಮ ಫೋನಿನಲ್ಲಿ ಒತ್ತಿ ಹೇಳಿದ್ದಳು. ಹಾಗಾಗಿ ಚಿಕ್ಕ ಮೇಸ್ತ್ರಿ ಅಣ್ಣನನ್ನು ಮನೆಯಿಂದ ಸಾಗಹಾಕೋದಕ್ಕೆ ಗಾಡಿ ಸರಿಮಾಡುತ್ತಿದ್ದ. ಅದನ್ನು ಹೀಗೆ ಬಾಯಿಬಿಟ್ಟು ಹೇಳಿದರೆ ಕಿವಿಗೆ ಕಷ್ಟವಾಗುತ್ತೆ, ನಿಜ. ಅವನಿಗೆ ಮಾತ್ರ ಕಷ್ಟವೂ ಆಗುತ್ತಿರಲಿಲ್ಲ, ಏನೂ ಆಗುತ್ತಿರಲಿಲ್ಲ.

ಅಣ್ಣನಿಗೂ ತಮ್ಮನಿಗೂ ಅಪ್ಪ ಮಗ ಅನ್ನುವಷ್ಟು ವಯಸ್ಸಿನ ಅಂತರ. ಓದು ತಲೆಗೆ ಹತ್ತದೆ ತಮ್ಮ ಬಂದು ಅಣ್ಣನ ರಿಪೇರಿ ಶೆಡ್ಡಿಗೆ ಬಿದ್ದಾಗ ಅಣ್ಣನಿಗೆ ಆಗಲೇ ಮದುವೆಯಾಗಿತ್ತು. ಅತ್ತಿಗೆ ಅವನ ತಟ್ಟೆಗೂ ಬಡಿಸಿದಳು, ಅವನ ಎಣ್ಣೆ ಅಂಗಿಯನ್ನೂ ಒಗೆದಳು. ಅವನು ಮಾತ್ರ ಮದುವೆ ಆಗಲಿಲ್ಲ. ಯಾಕಯ್ಯಾ ಅಂದರೆ, "ಅಣ್ಣ ಹೇಳಲಿಲ್ಲ" ಅನ್ನುತ್ತಿದ್ದ. ತಮಾಷೆಗಲ್ಲ ಮಾರಾಯರೇ, ನಿಜವಾಗಿಯೂ ಅಷ್ಟೇ ಕಾರಣ. ಅಣ್ಣ ಹೇಳಬೇಕು, ಇವನು ಬಿಗಿಯಬೇಕು. ಇಂಜಿನ್ ಬಿಚ್ಚೋಣ ಅಂದರೆ ಬಿಚ್ಚಿದ, ಇವತ್ತು ಬೇಡ ಅಂದರೆ ಕೈ ತೊಳೆದ. ಇಡೀ ಬದುಕು ಹಾಗೇ ನಡೆದುಹೋಗಿತ್ತು, ಚೆನ್ನಾಗಿಯೇ ನಡೆದಿತ್ತು.

ಶೆಡ್ಡು ಉದ್ದಕ್ಕಿತ್ತು, ಒಂದು ಗಾಡಿ ಹಿಡಿಯುವಷ್ಟು ಅಗಲ. ಮುಂದೆ ಬೀದಿ. ಒಂದು ಪಕ್ಕಕ್ಕೆ ಇಡೀ ಗೋಡೆ, ಅದರ ತುಂಬ ಮೊಳೆ, ಮೊಳೆಗೆ ಸ್ಪ್ಯಾನರ್ರು, ಬೆಲ್ಟು, ಹಳೇ ಟ್ಯೂಬು. ಇನ್ನೊಂದು ಪಕ್ಕಕ್ಕೆ ಮನೆಯೊಳಕ್ಕೆ ಹೋಗುವ ಬಾಗಿಲು. ಅಣ್ಣ ಬಾನೆಟ್ಟಿನ ಮೇಲೆ ಬಗ್ಗಿರುತ್ತಿದ್ದ, ತಮ್ಮ ಗಾಡಿಯ ಕೆಳಗೆ ಅಂಗಾತ ಮಲಗಿರುತ್ತಿದ್ದ. ಶುರುವಿನ ದಿನಗಳಲ್ಲಿ ದಿನಬೆಳಗಾದರೆ ಇದೇ ಜಗಳ.

"ಎಡಗಡೇದು ಬಿಗಿ ಮಾಡೋ."

"ಮಾಡ್ದೆ ಕಣಣ್ಣ."

"ಎಲ್ಲಿ ಮಾಡ್ದೆ ನಿನ್ನ ತಲೆ! ಎಡಗಡೆ ಅಂದ್ರೆ ನನ್ನ ಎಡಗಡೆ!"

"ನಾನು ಮಲಗಿದ್ದೀನಿ. ನಿನ್ನ ಎಡ ನನಗೆ ಹೇಗಣ್ಣ ಗೊತ್ತಾಗುತ್ತೆ?"

ಒಂದು ಸಲ ಈ ಎಡಬಲದ ಗಲಾಟೆಯಲ್ಲಿ ಬಿಚ್ಚಬಾರದ್ದನ್ನು ಬಿಚ್ಚಿ, ಇಂಜಿನ್ನಿನ ಕರೀ ಎಣ್ಣೆಯಷ್ಟೂ ತಮ್ಮನ ಮುಖಕ್ಕೆ ಅಭಿಷೇಕ ಆಯಿತು. ಅವತ್ತಿನಿಂದ ಶೆಡ್ಡಿನಲ್ಲಿ ಎಡ ಬಲ ಅನ್ನೋ ಮಾತೇ ಬಂದ್. ಗೋಡೆ ಕಡೆ, ಬಾಗಿಲ ಕಡೆ, ಅಷ್ಟೇ. ಮಲಗಿದ್ದರೂ ಗೋಡೆ ಗೋಡೆಯೇ, ನಿಂತಿದ್ದರೂ ಬಾಗಿಲು ಬಾಗಿಲೇ. ಹೊಸ ಭಾಗ ಬಂದರೆ ಅಣ್ಣ ಕಡ್ಡಿಯನ್ನು ಬಿಳಿ ಪೇಂಟಿಗೆ ಅದ್ದಿ, ಗೋಡೆ ಕಡೆದಕ್ಕೆ 'ಗೋ' ಅಂತ, ಬಾಗಿಲ ಕಡೆದಕ್ಕೆ 'ಬಾ' ಅಂತ ಬರೆದಿಡುತ್ತಿದ್ದ. ಬಾಯಲ್ಲೂ ಅದೇ ಆಗಿಹೋಯಿತು. "ಬಾ ಆಯ್ತಾ?" "ಬಾ ಆಯ್ತು, ಗೋ ಮಾಡ್ತಿದ್ದೀನಿ." ರಿಪೇರಿಗೆ ಬಂದು ಕಾಯುತ್ತಿದ್ದ ಬ್ರೆಡ್ ಗಾಡಿಯವನು ಒಂದು ದಿನ ಕೇಳೇಬಿಟ್ಟ: "ಒಬ್ಬರು ಗೋ ಅಂತೀರಿ, ಒಬ್ಬರು ಬಾ ಅಂತೀರಿ. ನನ್ನ ಗಾಡಿ ಹೋಗಬೇಕೋ ಬರಬೇಕೋ, ಅದನ್ನಾದರೂ ಇತ್ಯರ್ಥ ಮಾಡ್ರಪ್ಪಾ!"

ದೊಡ್ಡ ಮೇಸ್ತ್ರಿ ಬಿದ್ದದ್ದು ತಮ್ಮದೇ ವ್ಯಾನಿನ ಕೆಲಸಕ್ಕೆ ಕೈ ಹಾಕಿದ ದಿನ. ಇಂಜಿನ್ನನ್ನು ಎರಡು ಪಕ್ಕದಲ್ಲಿ ಹೊತ್ತುಕೊಂಡಿರುವ ರಬ್ಬರ್ ದಿಂಬುಗಳಿರುತ್ತವಲ್ಲ, ಮೌಂಟ್ ಅನ್ನುತ್ತಾರೆ, ಅವು ಸವೆದು ಪುಡಿಪುಡಿ ಆಗಿದ್ದವು. ಹೊಸದು ತಂದಿದ್ದರು. ನೋಡೋಕೆ ಎರಡೂ ಒಂದೇ ಥರ. ಆದರೆ ಒಂದರ ರಬ್ಬರ್ ಗಟ್ಟಿ, ಇನ್ನೊಂದರದ್ದು ಮೆತ್ತಗೆ, ಯಾಕೆಂದರೆ ಇಂಜಿನ್ನಿನ ಭಾರ ಎರಡೂ ಕಡೆ ಒಂದೇ ಸಮ ಬೀಳುವುದಿಲ್ಲ. ಅಣ್ಣ ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ, ಗೋ ಬರೆದ, ಬಾ ಬರೆದ, ಕಟ್ಟೆಯ ಮೇಲಿಟ್ಟ. ಆಮೇಲೆ ಸುಸ್ತಾದವನ ಹಾಗೆ ಬಂಪರಿಗೆ ಒರಗಿ ಕೂತ. "ಏನಣ್ಣ?" ಅಂದರೆ ಮಾತು ಬರಲಿಲ್ಲ, ಬಾಯಿ ಒಂದು ಕಡೆಗೆ ಸೊಟ್ಟಗೆ ಎಳೆದುಕೊಂಡಿತ್ತು. ಆಂಬುಲೆನ್ಸ್ ಒಳಗೆ ಬರಬೇಕು ಅಂತ ಪಕ್ಕದ ಟೈರ್ ಅಂಗಡಿಯವನೂ ದಾರಿಹೋಕರೂ ಸೇರಿ ವ್ಯಾನನ್ನು ಬೀದಿಗೆ ತಳ್ಳಿದರು. ಅಣ್ಣನನ್ನು ಕರೆದುಕೊಂಡು ಹೋದಮೇಲೆ ಅವರೇ ಅದನ್ನು ಮತ್ತೆ ಒಳಗೆ ನೂಕಿಟ್ಟು ಶೆಡ್ಡಿನ ಷಟರ್ ಎಳೆದುಕೊಂಡು ಹೋದರು. ಪುಣ್ಯಾತ್ಮರು, ಯಾರ ತಪ್ಪೂ ಇಲ್ಲ.

ಅಂದಿನಿಂದ ಚಿಕ್ಕ ಮೇಸ್ತ್ರಿಯೊಳಗೆ ಏನೋ ಮರಗಟ್ಟಿಹೋಯಿತು. ಆಸ್ಪತ್ರೆಯಲ್ಲಿ ಅಳಲಿಲ್ಲ, ಸರಿ, ಗಟ್ಟಿ ಮನುಷ್ಯ ಅಂದರು ಎಲ್ಲರೂ. ಮನೆಗೆ ಬಂದಮೇಲೂ ಅಳಲಿಲ್ಲ. ಉಂಡ, ಮಲಗಿದ, ಬಂದ ಗಾಡಿಗಳನ್ನು ಶೆಡ್ಡಿನ ಮುಂದೆ ಬೀದಿಯಂಚಿನಲ್ಲೇ ನಿಲ್ಲಿಸಿಕೊಂಡು ಸಣ್ಣಪುಟ್ಟ ಕೆಲಸ ಮಾಡಿ ಕಳಿಸಿದ. ಸಾರಿಗೆ ಉಪ್ಪು ಹಾಕೋದನ್ನು ಅತ್ತಿಗೆ ಮರೆತ ದಿನ ಅದನ್ನೂ ಹಾಗೇ ಉಂಡು ಎದ್ದ. ದುಃಖ ಅಂದರೆ ಏನೋ ಇರಬೇಕು, ತನಗೆ ಯಾಕೆ ಬರುತ್ತಿಲ್ಲ ಅಂತ ಒಮ್ಮೊಮ್ಮೆ ಯೋಚಿಸುತ್ತಿದ್ದ, ಆ ಯೋಚನೆಯೂ ಅರ್ಧಕ್ಕೇ ನಿಂತುಬಿಡುತ್ತಿತ್ತು.

ದೊಡ್ಡ ಮೇಸ್ತ್ರಿ ಆಸ್ಪತ್ರೆಯಿಂದ ಬಂದಾಗ ಬಲಗೈ ಬಲಗಾಲು ಎರಡೂ ಸತ್ವ ಕಳೆದುಕೊಂಡಿದ್ದವು. ಮಾತು ಪೂರ್ತಿ ಹೋಗಿತ್ತು. ಶೆಡ್ಡಿಗೆ ತೆರೆಯುವ ಬಾಗಿಲಿನ ಎದುರಿಗೇ ಮಂಚ ಹಾಕಿದರು, ಗಾಳಿ ಬೆಳಕು ಬರಲಿ ಅಂತ. ಅವನು ದಿನವಿಡೀ ಬಾಗಿಲ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಕಣ್ಣು ತೆರೆದೇ ಇರುತ್ತಿತ್ತು, ಆದರೆ ಏನು ನೋಡುತ್ತಾನೆ, ಏನು ತಿಳಿಯುತ್ತೆ, ಒಂದೂ ಗೊತ್ತಾಗುತ್ತಿರಲಿಲ್ಲ.

ಹೀಗೇ ಇರುವಾಗ ಒಂದು ಮಧ್ಯಾಹ್ನ, ಕೈ ಸುಮ್ಮನಿರಲಾರದೆ, ಚಿಕ್ಕ ಮೇಸ್ತ್ರಿ ವ್ಯಾನಿನ ಕೆಳಗೆ ತೂರಿ ಆ ಹೊಸ ಮೌಂಟುಗಳನ್ನು ಕೂರಿಸಿಬಿಟ್ಟ. ಗೋ ಗೋಡೆ ಕಡೆಗೆ, ಬಾ ಬಾಗಿಲ ಕಡೆಗೆ. ಸ್ಟಾರ್ಟ್ ಮಾಡಿ ನೋಡುವ ಉತ್ಸಾಹ ಇರಲಿಲ್ಲ, ಕೈ ಒರೆಸಿಕೊಂಡು ಎದ್ದ. ಅವತ್ತು ಸಂಜೆ ಅತ್ತಿಗೆ ಒಳಗಿಂದ ಕಿರುಚಿದಳು.

"ಬಾರೋ ಇಲ್ಲಿ! ನಿಮ್ಮಣ್ಣ ಮಾತಾಡಿದ್ರು! ಬಾ ಅಂದ್ರು, ನಿನ್ನನ್ನೇ ಕರೀತಿದ್ದಾರೆ!"

ಅವನು ಓಡಿದ. ಅಣ್ಣ ಅವನನ್ನೇ ದಿಟ್ಟಿಸುತ್ತಾ, ಕಷ್ಟಪಟ್ಟು, ಗಂಟಲಿಂದ ಎಳೆದು ಹೇಳಿದ: "ಬಾ."

"ಬಂದೆ ಅಣ್ಣಾ, ಬಂದೆ," ಅಂತ ಇವನು ಹತ್ತಿರ ಹೋಗಿ ಬಗ್ಗಿದ. ಅಣ್ಣ ಅವನ ಎದೆಗೆ ಎಡಗೈ ಕೊಟ್ಟು ದೂರ ತಳ್ಳಿದ. ತಳ್ಳಿ, ಮತ್ತೆ, "ಬಾ!"

ಅಲ್ಲಿಂದ ಶುರುವಾಯಿತು ನೋಡಿ. ಬೆಳಗಾದರೆ ಬಾ, ಊಟಕ್ಕೆ ಕೂರಿಸಿದರೆ ಬಾ, ಮೈ ಒರೆಸುವಾಗ ಬಾ. ಹೋದರೆ ತಳ್ಳೋದು. ಎಡಗೈ ಬಾಗಿಲ ಕಡೆ ಬೀಸೋದು. ಹೊರಗೆ ಕೂರಬೇಕೇನೋ ಅಂತ ಅತ್ತಿಗೆ ಎತ್ತಲು ಹೋದರೆ ಸಿಟ್ಟಿನಿಂದ ಕೊಡವಿಕೊಳ್ಳೋದು. ಹಾಗೆ ಕೊಡವಿಕೊಂಡಾಗಲೇ ಒಂದು ದಿನ ಅವಳು ಮಂಚದ ಕಾಲಿನ ಮೇಲೆ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು. ಡಾಕ್ಟರು, "ಹೀಗೂ ಆಗುತ್ತಮ್ಮಾ. ಒಂದೇ ಶಬ್ದ ಉಳಿದುಬಿಡುತ್ತೆ. ಅರ್ಥ ಇಟ್ಟುಕೊಂಡು ಹೇಳುತ್ತಾರೋ ಇಲ್ಲವೋ ಹೇಳೋಕಾಗಲ್ಲ," ಅಂದರು. ಅತ್ತಿಗೆ, "ಬಾ ಅಂತಾರೆ, ಹೋದ್ರೆ ಹೊಡೀತಾರೆ. ಅರ್ಥ ಎಲ್ಲಿಂದ ಬಂತು ಡಾಕ್ಟ್ರೇ," ಅಂದಳು. ಅದಾದ ಮೇಲೆ ಆರೈಕೆ ಮನೆಯ ಮಾತು ಬಂತು. ಕೈಗೆ ಪಟ್ಟಿ ಸುತ್ತಿಕೊಂಡ ಹೆಂಗಸು, ಅಷ್ಟೆತ್ತರದ ಗಂಡಸನ್ನು ಎತ್ತಿ ಇಳಿಸಿ ಮಾಡೋದು ಹೇಗೆ? ಅವಳು ಮಂಚದ ಪಕ್ಕದಲ್ಲೇ ನಿಂತು ಮೈದುನನನ್ನು ಕೇಳಿದಳು: "ಕಳಿಸೋಣವೇನಪ್ಪಾ?" ಇವನು, "ನಿಮಗೆ ಹೇಗೆ ಅನ್ನಿಸುತ್ತೋ ಹಾಗೆ ಅತ್ತಿಗೆ," ಅಂದ. ಅಣ್ಣ ಹೇಳದೆ ಇವನಿಗೆ ಏನು ತಾನೇ ತೋಚೀತು?

ಹೀಗೆ ಗಾಡಿ ಸ್ಟಾರ್ಟ್ ಮಾಡುವ ಕಾಲ ಬಂತು. ಸ್ಟಾರ್ಟ್ ಮಾಡಿದರೆ ಈ ನಡುಕ.

ಚಿಕ್ಕ ಮೇಸ್ತ್ರಿ ಬೆಳಗಿನಿಂದ ಒಂದೊಂದಾಗಿ ನೋಡುತ್ತಾ ಬಂದ. ಮೊದಲು ಡೀಸೆಲ್ ಪೈಪುಗಳು. ಒಂದೊಂದನ್ನೇ ಸಡಿಲಿಸಿದರೆ, ಯಾವ ಸಿಲಿಂಡರ್ ಸೋಮಾರಿಯೋ ಅದು ಸಿಕ್ಕಿಬೀಳುತ್ತೆ. ಸಡಿಲಿಸಿದಾಗ ಇಂಜಿನ್ ಸದ್ದು ಕುಗ್ಗಿದರೆ ಅದು ಕೆಲಸ ಮಾಡುತ್ತಿತ್ತು ಅಂತ, ಕುಗ್ಗದಿದ್ದರೆ ಸುಮ್ಮನೆ ಕೂತು ತಿನ್ನುತ್ತಿತ್ತು ಅಂತ. ಎಲ್ಲದರಲ್ಲೂ ಸದ್ದು ಸಮನಾಗಿ ಕುಗ್ಗಿತು. ಸೋಮಾರಿ ಯಾರೂ ಇಲ್ಲ. ಫ್ಯಾನಿನ ರೆಕ್ಕೆ ಮುರಿದಿದೆಯಾ, ಇಲ್ಲ. ಬೆಲ್ಟ್ ಬಿಚ್ಚಿಟ್ಟು ಓಡಿಸಿದ, ನಡುಕ ಹಾಗೇ ಇತ್ತು. ಸೈಲೆನ್ಸರ್ ಎಲ್ಲಾದರೂ ತಗಲುತ್ತಿದೆಯಾ ಅಂತ ಕೈಯಾಡಿಸಿದ, ಅದೂ ಇಲ್ಲ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಕೊಟ್ಟು ಕೇಳಿದ. ಒಳಗೆಲ್ಲ ಸುಖವಾಗಿತ್ತು. ಇಂಜಿನ್ ಚೆನ್ನಾಗಿದೆ, ಗಾಡಿ ನಡುಗುತ್ತಿದೆ. ಇದೆಂಥ ಕರ್ಮ!

ಟೈರ್ ಅಂಗಡಿಯವನು ಟೀ ಲೋಟ ಹಿಡಿದುಕೊಂಡು ಬಂದು ನಿಂತ. ಅವನ ಅಂಗಡಿಗೆ ಗಿರಾಕಿ ಬರದಿದ್ದರೂ ಅವನ ಅಭಿಪ್ರಾಯಗಳಿಗೆ ಬರವಿರಲಿಲ್ಲ.

"ಚಕ್ರ ಬ್ಯಾಲೆನ್ಸ್ ತಪ್ಪಿರಬೇಕು."

"ನಿಂತ ಗಾಡಿಗೆ ಚಕ್ರ ಏನು ಮಾಡುತ್ತೆ ಮಾರಾಯಾ?"

"ಹಾಗಾದ್ರೆ ಮೌಂಟು?"

"ಹೊಸದು. ನಾನೇ ಹಾಕಿದ್ದು."

"ಹಾಗಾದ್ರೆ ಗಾಡಿಗೆ ಹೋಗೋಕೆ ಇಷ್ಟ ಇಲ್ಲ," ಅಂದ ಟೈರಿನವನು. ಅಂದವನು ತಾನು ಏನಂದೆ ಅಂತ ಹೊಳೆದು, ಒಳಗೆ ಮಂಚದ ಕಡೆ ನೋಡಿ, ಟೀ ಪೂರ್ತಿ ಕುಡಿಯದೆ ಜಾರಿಕೊಂಡ. ಚಿಕ್ಕ ಮೇಸ್ತ್ರಿಗೆ ಆ ಮಾತು ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಒದ್ದೆ ಬಟ್ಟೆ ತಗೊಂಡು ಬ್ಯಾಟರಿ ಒರೆಸಿದ, ಅದಕ್ಕೇನೂ ಅಗತ್ಯ ಇಲ್ಲದಿದ್ದರೂ.

ಒಳಗಿಂದ, "ಬಾ."

"ಇರಣ್ಣ," ಅಂದ, ತಿರುಗಿ ನೋಡದೆ.

ಇನ್ನು ಉಳಿದದ್ದು ಒಂದೇ. ಹೊಸ ಮೌಂಟನ್ನು ಅನುಮಾನಿಸೋದು ಅವಮಾನ ಅಂತ ಅಲ್ಲಿವರೆಗೂ ಅತ್ತ ಕೈ ಹಾಕಿರಲಿಲ್ಲ. ಆದರೂ ನೋಡೇಬಿಡೋಣ ಅಂತ ಇಂಜಿನ್ ಓಡುತ್ತಿರುವಾಗಲೇ, ಬಾಗಿಲ ಕಡೆಯಿಂದ ಅದರ ಹೊಟ್ಟೆಯ ಕೆಳಗೆ ಮರದ ತುಂಡು ಕೊಟ್ಟು, ಜಾಕಿ ಹಾಕಿ ಚೂರೇ ಚೂರು ಎತ್ತಿದ. ನಡುಕ ನಿಂತುಹೋಯಿತು. ಯಾರೋ ಗಾಡಿಯ ಹೆಗಲ ಮೇಲೆ ಕೈಯಿಟ್ಟ ಹಾಗೆ, ಇಡೀ ವ್ಯಾನು ಗಪ್‌ಚುಪ್. ಜಾಕಿ ಇಳಿಸಿದ, ಗಡಗಡ. ಎತ್ತಿದ, ಶಾಂತ. ಅಂದರೆ ನಡುಕ ಇಂಜಿನ್ನಿನದಲ್ಲ. ಇಂಜಿನ್ನಿನ ಅದುರುವಿಕೆಯನ್ನು ತಡೆದು ಮೈಗೆ ಮುಟ್ಟಿಸದೆ ಇರಬೇಕಾದ ಮೌಂಟಿನದು.

ಇಂಜಿನ್ ಆಫ್ ಮಾಡಿ, ಟಾರ್ಚು ಕಚ್ಚಿಕೊಂಡು ಅಂಗಾತ ಒಳಗೆ ಜಾರಿದ. ಬಾಗಿಲ ಕಡೆ ನೋಡಿದ, ಮೌಂಟಿನ ಲೋಹದ ಬಟ್ಟಲಿನ ಮೇಲೆ ಅಣ್ಣನ ಕೈಬರಹ, ಬಿಳೀ 'ಬಾ'. ಗೋಡೆ ಕಡೆ ತಿರುಗಿದ, 'ಗೋ'. ಎಲ್ಲಾ ಇರಬೇಕಾದ ಹಾಗೇ ಇದೆ. ಮತ್ತೇನು?

"ಬಾ!" ಅಂತ ಮಂಚದಿಂದ ಅಣ್ಣ.

"ಬಾಗಿಲ ಕಡೆಗೇ ಹಾಕಿದ್ದೀನಿ ಕಣಣ್ಣ!" ಅಂದ ಚಿಕ್ಕ ಮೇಸ್ತ್ರಿ.

ಬಾಯಿಂದ ತಾನಾಗಿ ಬಂದ ಮಾತು. ಎಷ್ಟೋ ವರ್ಷಗಳಿಂದ, ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಮಲಗಿ, ಮೇಲಿಂದ ಬಂದ ಪ್ರಶ್ನೆಗೆ ಕೊಟ್ಟು ಕೊಟ್ಟು ರೂಢಿಯಾದ ಉತ್ತರ. ಮಾತು ಆಡಿದ ಮೇಲೆ ಅವನಿಗೆ ತಾನು ಯಾರಿಗೆ ಉತ್ತರ ಕೊಟ್ಟೆ ಅಂತ ಹೊಳೆಯಿತು. ಕಚ್ಚಿಕೊಂಡಿದ್ದ ಟಾರ್ಚು ಆಗಲೇ ಬಾಯಿಂದ ಎದೆಯ ಮೇಲೆ ಬಿದ್ದಿತ್ತು.

ಒಳಗೆ ದೊಡ್ಡ ಮೇಸ್ತ್ರಿ ಮಂಚದ ಚೌಕಟ್ಟನ್ನು ಎಡಗೈಯಿಂದ ದಬದಬ ಬಡಿಯತೊಡಗಿದ. "ಬಾ! ಬಾ! ಬಾ!"

ಚಿಕ್ಕ ಮೇಸ್ತ್ರಿ ತೆವಳಿಕೊಂಡು ಹೊರಬಂದ. ಮೊಣಕಾಲೂರಿ ಕೂತು ಗೋಡೆ ನೋಡಿದ, ಬಾಗಿಲು ನೋಡಿದ, ಗಾಡಿ ನೋಡಿದ. ಗಾಡಿಯ ಮುಖ ಬೀದಿ ಕಡೆಗಿತ್ತು. ಬೀದಿ ಕಡೆಗೆ! ಅಣ್ಣ ಯಾವತ್ತೂ ಗಾಡಿಯನ್ನು ಮುಖ ಒಳಗೆ ಮಾಡಿ ನಿಲ್ಲಿಸುವವನು. ಅವತ್ತು ಗೋ ಬಾ ಬರೆದಾಗಲೂ ಮುಖ ಒಳಗೇ ಇತ್ತು. ಆಂಬುಲೆನ್ಸಿಗೆ ಜಾಗ ಬಿಡಿಸಿದವರು ಅದನ್ನು ಬೀದಿಯಲ್ಲಿ ತಿರುಗಿಸಿ, ಹಿಂದುಮುಂದಾಗಿ ಒಳಗೆ ನೂಕಿಟ್ಟಿದ್ದಾರೆ. ಗಾಡಿ ತಿರುಗಿಬಿಟ್ಟರೆ ಗೋಡೆ ಕಡೆಯ ಪಕ್ಕ ಬಾಗಿಲಿಗೆ ಬರುತ್ತೆ, ಬಾಗಿಲ ಕಡೆಯ ಪಕ್ಕ ಗೋಡೆಗೆ ಹೋಗುತ್ತೆ. ಗೋಡೆಯೂ ಬಾಗಿಲೂ ಎಂದೂ ಅದಲುಬದಲಾಗಲ್ಲ ಅಂತ ನಂಬಿ, ಗಾಡಿ ತಿರುಗಬಹುದು ಅನ್ನೋದನ್ನೇ ಮರೆತ ಭೂಪರು ಇವರು. ಮೆತ್ತನೆ ಮೌಂಟಿನ ಮೇಲೆ ಭಾರ ಕೂತಿದೆ, ಗಟ್ಟಿಯದು ಆ ಕಡೆ ಹಗುರಕ್ಕೆ ನಿಂತಿದೆ. ನಡುಗದೆ ಇನ್ನೇನು ಮಾಡೀತು?

ಇವನು ಮೌಂಟು ಹಾಕುತ್ತಿದ್ದಾಗ ಅಣ್ಣ ಅಲ್ಲಿಂದ, ಮಂಚದ ಮೇಲಿಂದ, ಎಲ್ಲಾ ನೋಡುತ್ತಿದ್ದ. ಕೂಗಿ ಹೇಳಲು ಬಾಯಿ ಇರಲಿಲ್ಲ. ಸಂಜೆಯ ಹೊತ್ತಿಗೆ ಹೇಗೋ ಒಂದೇ ಒಂದು ಅಕ್ಷರ ಹೊರಡಿಸಿದ್ದ.

ಚಿಕ್ಕ ಮೇಸ್ತ್ರಿ ಮತ್ತೆ ಕೆಳಗೆ ಹೋದ. ಇಂಜಿನ್ನಿಗೆ ಜಾಕಿ ಕೊಟ್ಟು, ಎರಡನ್ನೂ ಬಿಚ್ಚಿ, ಬಾ ತೆಗೆದು ಗೋಡೆ ಕಡೆಗೂ ಗೋ ತೆಗೆದು ಬಾಗಿಲ ಕಡೆಗೂ ಹಾಕಿದ. ಒಂದು ಬೋಲ್ಟು ಮೂರ್ನಾಲ್ಕು ಸಲ ಜಾರಿತು. ಅಷ್ಟು ಹೊತ್ತೂ ಮಂಚದಿಂದ ಒಂದು ಸದ್ದಿಲ್ಲ. ಎದ್ದು ಕೀ ತಿರುಗಿಸಿದ. ಇಂಜಿನ್ ಗುರ್ ಅಂದು ಎದ್ದು, ಒಂದು ಸಲ ಮೈ ಕೊಡವಿ, ನಿಂತಲ್ಲಿ ನಿಂತಿತು. ಕನ್ನಡಿಯಲ್ಲಿ ಗೋಡೆಯ ಮೊಳೆಗಳು ಒಂದೊಂದೂ ಸ್ಪಷ್ಟವಾಗಿ ಕಂಡವು.

ಅವನು ಬಾಗಿಲು ದಾಟಿ ಅಣ್ಣನ ಮುಂದೆ ಹೋಗಿ ನಿಂತ.

"ಗಾಡಿ ತಿರುಗಿತ್ತು," ಅಂದ. "ನನಗೆ ಹೊಳೀಲೇ ಇಲ್ಲ ಅಣ್ಣಾ."

ದೊಡ್ಡ ಮೇಸ್ತ್ರಿಯ ಮುಖದ ಒಂದು ಪಕ್ಕ ನಕ್ಕಿತು. ಇನ್ನೊಂದು ಪಕ್ಕಕ್ಕೆ ನಗಲು ಬರುತ್ತಿರಲಿಲ್ಲ. ಅಬ್ಬಾ ಅನ್ನೋ ಹಾಗೆ ಉಸಿರು ಬಿಟ್ಟು ತಲೆಯನ್ನು ದಿಂಬಿಗೆ ಒರಗಿಸಿದ.

ಚಿಕ್ಕ ಮೇಸ್ತ್ರಿಗೆ ಖುಷಿಯಾಗಬೇಕಿತ್ತು. ಅದಕ್ಕೆ ಮೊದಲು ಇನ್ನೊಂದು ಯೋಚನೆ ಬಂತು. ಗಾಡಿ ತಿರುಗಿದ್ದು ಅಣ್ಣನಿಗೆ ಗೊತ್ತಾಗಿದೆ ಅಂದರೆ, ಉಳಿದದ್ದೂ ಗೊತ್ತಾಗಿದೆ. ಈ ಮಂಚದ ಪಕ್ಕದಲ್ಲಿ ಏನೇನು ಮಾತಾಡಿಲ್ಲ! ಯಾವಾಗ ಕಳಿಸೋದು, ಯಾವ ಬಟ್ಟೆ ಹಾಕಿ ಕಳಿಸೋದು, ಹೋದಮೇಲೆ ಮಂಚ ಯಾರಿಗೆ ಕೊಡೋದು. ಒಂದು ದಿನ ಅತ್ತಿಗೆ, ಮೈ ಒರೆಸಿ ಸುಸ್ತಾಗಿ, ಕಿಟಕಿಗೆ ಒರಗಿ ನಿಂತು, "ಅವತ್ತೇ ಹೋಗಿಬಿಟ್ಟಿದ್ದರೆ ಅವರೂ ಬಚಾವಾಗ್ತಿದ್ದರೇನೋ," ಅಂದಿದ್ದಳು. ತಾನು ಅದಕ್ಕೆ "ಹೂಂ" ಅಂದಿದ್ದ. ಅಣ್ಣನ ಮುಖದಿಂದ ಒಂದು ಗೇಣು ದೂರದಲ್ಲಿ ನಿಂತು, ಹೂಂ ಅಂದಿದ್ದ.

ಅವನು ಮಂಚದ ಅಂಚಿನಲ್ಲಿ ಕೂತು ಅಣ್ಣನ ಎಡಗೈಯನ್ನು ಕೈಗೆ ತಗೊಂಡ.

"ಹೌದು ಅಂದ್ರೆ ಕೈ ಒತ್ತು. ನಾವು ಮಾತಾಡಿದ್ದೆಲ್ಲಾ ಕೇಳಿಸ್ತಿತ್ತಾ?"

ಕೈ ಒತ್ತಿತು.

"ಎಲ್ಲಾನೂ?"

ಮತ್ತೆ ಒತ್ತಿತು. ಸ್ಪ್ಯಾನರ್ ಹಿಡಿದು ಹಿಡಿದು ಗಟ್ಟಿಯಾದ ಕೈ, ನೋವಾಗುವಷ್ಟು ಒತ್ತಿತು.

ಆಗ ಅತ್ತಿಗೆ ಮಡಿಸಿದ ಬಟ್ಟೆಗಳನ್ನು ಒಳ್ಳೆಯ ಕೈಯಲ್ಲಿ ಎದೆಗೆ ಒತ್ತಿಕೊಂಡು ಬಂದಳು, ಬ್ಯಾಗಿಗೆ ತುಂಬಲು. "ಸದ್ಯ, ಗಾಡಿ ಸದ್ದು ಅಡಗಿತು. ಏನಾಗಿತ್ತಂತೆ?"

"ಅತ್ತಿಗೆ, ಅಣ್ಣನಿಗೆ ಎಲ್ಲಾ ಗೊತ್ತಾಗುತ್ತೆ."

"ಏನು ಗೊತ್ತಾಗುತ್ತೆ?"

"ಎಲ್ಲಾ. ಬಾ ಅಂದ್ರೆ ನಮ್ಮನ್ನು ಕರೆದದ್ದಲ್ಲ. ಬಾಗಿಲ ಕಡೆ ಮೌಂಟು ತಪ್ಪಾಗಿದೆ ಅಂತ ಹೇಳ್ತಿದ್ದ. ಇಷ್ಟು ದಿನದಿಂದ ಅದೊಂದನ್ನೇ ಹೇಳ್ತಿದ್ದ. ನಾವು ಆಡಿದ ಪ್ರತಿಯೊಂದು ಮಾತೂ ಕೇಳಿಸ್ಕೊಂಡಿದ್ದಾನೆ."

ಅತ್ತಿಗೆ ಗಂಡನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಬಟ್ಟೆಗಳು ಅವಳ ಕೈಯಿಂದ ಒಂದೊಂದಾಗಿ ಜಾರಿ ನೆಲಕ್ಕೆ ಬಿದ್ದವು, ಅವಳೂ ಹಾಗೇ ಅವುಗಳ ಪಕ್ಕದಲ್ಲಿ ಕುಸಿದು ಕೂತಳು. "ಅಯ್ಯೋ, ನಾನು ಏನೇನು ಅಂದುಬಿಟ್ಟಿದ್ದೀನಪ್ಪಾ," ಅಂದಳು.

ಚಿಕ್ಕ ಮೇಸ್ತ್ರಿ ಅಣ್ಣನ ಕೈ ಬಿಟ್ಟಿರಲಿಲ್ಲ. ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆಯನ್ನು ಅವನು ಕೇಳಿದ. "ನಾಳೆ ಹೊರಡೋದೂ ಗೊತ್ತಲ್ಲ? ನೀನು ಹೇಳಣ್ಣ. ಹೋಗ್ತೀಯಾ?"

ದೊಡ್ಡ ಮೇಸ್ತ್ರಿ ನೆಲದ ಮೇಲೆ ಕೂತ ಹೆಂಡತಿಯನ್ನು ನೋಡಿದ. ಅವಳ ಮಣಿಕಟ್ಟಿಗೆ ಸುತ್ತಿದ ಪಟ್ಟಿಯನ್ನು ನೋಡಿದ, ತುಂಬ ಹೊತ್ತು ನೋಡಿದ. ಆಮೇಲೆ ತಮ್ಮನ ಕೈಯನ್ನು ಮೆಲ್ಲಗೆ ಒತ್ತಿದ. ಹೌದು.

"ಏನಂದ್ರು?" ಅಂತ ಅತ್ತಿಗೆ.

"ಹೋಗ್ತೀನಿ ಅಂತಿದ್ದಾನೆ."

ಅತ್ತಿಗೆ ತಲೆಯೆತ್ತಿದಳು. ಕೆನ್ನೆ ಒರೆಸಿಕೊಳ್ಳಲಿಲ್ಲ, ಎದ್ದೂ ನಿಲ್ಲಲಿಲ್ಲ, ಕೂತಲ್ಲಿಂದಲೇ ಶುರು ಹಚ್ಚಿಕೊಂಡಳು.

"ಹೋಗ್ತಾರಂತೆ! ಯಾರನ್ನು ಕೇಳಿ ಹೋಗ್ತೀರಿ ನೀವು? ನನ್ನನ್ನು ಕೇಳಿದ್ರಾ? ಎಲ್ಲಾ ಕೇಳಿಸ್ಕೊಂಡು ಕಲ್ಲು ಬಿದ್ದ ಹಾಗೆ ಬಿದ್ದಿದ್ರಲ್ಲ, ನಾನು ಹಾಗಂದಾಗ ಆ ಕೈಯಲ್ಲಿ ಒಂದು ಕೊಡಬಾರದಿತ್ತಾ ನನಗೆ? ಇರೋ ಒಂದೇ ಮಾತನ್ನು, ನೀರು ಬೇಕು ಅ‍ನ್ನಲಿಲ್ಲ, ನೋವು ಅನ್ನಲಿಲ್ಲ, ಹೆಂಡತಿಯ ಹೆಸರು ಹಿಡಿದು ಒಂದು ಸಲ ಕರೆಯಲಿಲ್ಲ, ಆ ದರಿದ್ರ ಗಾಡಿಗೆ ಖರ್ಚು ಮಾಡಿದ್ರಲ್ಲ ಮಹಾನುಭಾವರು! ಈಗ ನೋಡಿದ್ರೆ ದೊಡ್ಡ ಮನಸ್ಸು ಮಾಡಿ ಹೋಗ್ತಾರಂತೆ. ಹೋಗಿ ನೋಡೋಣ! ಹೇಗೆ ಹೋಗ್ತೀರೋ ನಾನೂ ನೋಡ್ತೀನಿ!"

ಆಸ್ಪತ್ರೆಯಿಂದ ಬಂದಮೇಲೆ ಅವಳು ಗಂಡನನ್ನು ಒಂದು ಸಲವೂ ಬೈದಿರಲಿಲ್ಲ. ಏನೂ ತಿಳಿಯದವರನ್ನು ಬೈದು ಏನು ಬಂತು? ಸೋಪು ಹಚ್ಚಿ ಒರೆಸಿದ್ದಳು, ತುತ್ತು ಇಟ್ಟಿದ್ದಳು, ಮಗ್ಗುಲು ಬದಲಿಸಿದ್ದಳು, ಅಷ್ಟೇ. ಈಗ ಬೈಯುತ್ತಲೇ ಇದ್ದಳು, ಮೂಗು ಸೋರುತ್ತಿತ್ತು, ಮಾತು ಮಧ್ಯೆ ಮಧ್ಯೆ ಒಡೆದುಹೋಗುತ್ತಿತ್ತು, ಆದರೂ ಬಿಡಲಿಲ್ಲ. ಮಂಚದ ಮೇಲಿನವನು ತಪ್ಪು ಮಾಡಿ ಸಿಕ್ಕಿಬಿದ್ದ ಗಂಡಸಿನ ಹಾಗೆ ಗೋಡೆ ನೋಡುತ್ತಾ ಎಲ್ಲಾ ಕೇಳಿಸಿಕೊಳ್ಳುತ್ತಿದ್ದ.

"ಅತ್ತಿಗೆ," ಅಂದ ಚಿಕ್ಕ ಮೇಸ್ತ್ರಿ. "ಇನ್ನು ಮೇಲೆ ಎತ್ತೋದು ಇಳಿಸೋದು ನಾನು ಮಾಡ್ತೀನಿ."

ಅದು ಯಾರೂ ಹೇಳಿಕೊಡದೆ ಅವನು ಆಡಿದ ಮಾತು. ಆಡಿದ ಮೇಲೆ ಅವನ ಭುಜ ಅದುರಿತು, ಹಿಡಿಯಲು ನೋಡಿದ, ಆಗಲಿಲ್ಲ. ಅಣ್ಣನ ಕೈ ಹಿಡಿದುಕೊಂಡೇ, ಅತ್ತಿಗೆಯ ಬೈಗುಳದ ನಡುವೆಯೇ, ಜೋರಾಗಿ ಅತ್ತುಬಿಟ್ಟ.